ಹಲ್ಲಿಗೆ ತುಂಬಿದ ಕಾಂಪೋಸಿಟ್‌ಗೆ ಪಾಲಿಶ್: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಳುಕು ಹಲ್ಲಿಗೆ ‘ಬಿಳಿ ಸಿಮೆಂಟ್’, ಅಂದರೆ ರೆಸಿನ್ ಅನ್ನುವ ಪ್ಲಾಸ್ಟಿಕ್‌ನಂಥ ಅಂಟಿಗೆ ಗಾಜಿನ ಪುಡಿ ಬೆರೆಸಿದ ಕಾಂಪೋಸಿಟ್, ಹಾಕಿಸಿಕೊಂಡವರ ಬಹಳಷ್ಟು ದೂರುಗಳು ಪಾಲಿಶ್‌ಗೆ ಸೇರಿದವು. ಆದರೆ ಯಾರೂ ಪಾಲಿಶ್ ಅನ್ನುವ ಮಾತು ಎತ್ತುವುದಿಲ್ಲ. ‘ನಾಲಿಗೆಗೆ ಏನೋ ತಾಗುತ್ತೆ’, ‘ಸೊಪ್ಪು ಸಿಕ್ಕಿಕೊಳ್ಳುತ್ತೆ’, ‘ಕಾಫಿ ಕಲೆ ಹಿಡಿದಿದೆ’ ಅನ್ನುತ್ತಾರೆ. ಮೈಸೂರಿನ ಕ್ಲಿನಿಕ್‌ನಲ್ಲಿ ಕೂತು ಊರಿನವರಿಂದ, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದ ಬರುವವರಿಂದ ಕೇಳಿಸಿಕೊಂಡ ಪ್ರಶ್ನೆಗಳು ಇಲ್ಲಿವೆ. ಉತ್ತರ ಕೆಲವು ಕಡೆ ಉದ್ದ ಆಗಿದೆ.

ಫಿನಿಶಿಂಗ್, ಪಾಲಿಶಿಂಗ್ ಎರಡೂ ಒಂದೇ ಅಲ್ವಾ?

ಅಲ್ಲ. ಫಿನಿಶಿಂಗ್ ಅಂದರೆ ಆಕಾರ ಕೊಡುವುದು. ಜಾಸ್ತಿ ಇದ್ದ ಕಾಂಪೋಸಿಟ್ ತೆಗೆಯುತ್ತೇವೆ. ಅಂಚನ್ನು ಹಲ್ಲಿಗೆ ಸಮ ಮಾಡುತ್ತೇವೆ. ಕಚ್ಚುವ ಎತ್ತರ ಸರಿಪಡಿಸುತ್ತೇವೆ. ಪಾಲಿಶಿಂಗ್ ಅಂದರೆ ಆ ಕೆಲಸದಲ್ಲಿ ಬಿದ್ದ ಗೀರುಗಳನ್ನು ಅಳಿಸುವುದು. ಫಿನಿಶಿಂಗ್ ಸರಿಯಾಗದೆ ಪಾಲಿಶ್ ಮಾಡಿದರೆ ತಪ್ಪು ಆಕಾರವೇ ಚೆನ್ನಾಗಿ ಹೊಳೆಯುತ್ತದೆ, ಅಷ್ಟೇ.

ನೀಲಿ ಲೈಟ್ ಹಿಡಿದರಲ್ಲ, ಅಲ್ಲಿಗೇ ಕೆಲಸ ಮುಗಿಯಲಿಲ್ವಾ?

ಗಟ್ಟಿಯಾಗುವ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಮೇಲ್ಮೈ ಕೆಲಸ ಇನ್ನೂ ಇದೆ. ಕಾಂಪೋಸಿಟ್ ಗಟ್ಟಿಯಾಗುವಾಗ ಗಾಳಿಯಲ್ಲಿರುವ ಆಮ್ಲಜನಕ ಅಡ್ಡ ಬರುತ್ತದೆ. ಹಾಗಾಗಿ ಗಾಳಿ ತಾಗಿದ ಕಡೆ ತೀರಾ ತೆಳುವಾದ ಒಂದು ಪದರ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ಬಣ್ಣ ಬೇಗ ಹೀರಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಕೆಲವರು ಕೊನೆಯಲ್ಲಿ ಗ್ಲಿಸರಿನ್ ಜೆಲ್ ಹಚ್ಚಿ, ಗಾಳಿ ತಡೆದು, ಇನ್ನೊಮ್ಮೆ ಲೈಟ್ ಹಿಡಿಯುತ್ತಾರೆ. ಒಳ್ಳೆಯ ಅಭ್ಯಾಸ. ಖರ್ಚೂ ಕಡಿಮೆ.

ಇನ್ನೊಂದು ವಿಚಿತ್ರ ಇದೆ. ಮುಂದಿನ ಹಲ್ಲು ಕಟ್ಟುವಾಗ ಹಿಂದೆ ಒಂದು ಪಾರದರ್ಶಕ ಪಟ್ಟಿ ಇಡುತ್ತಾರೆ, ನೋಡಿರಬಹುದು. ಅದು ಮೈಲಾರ್ ಪಟ್ಟಿ. ಅದಕ್ಕೆ ಒತ್ತಿಕೊಂಡು ಗಟ್ಟಿಯಾದ ಮೇಲ್ಮೈ ಎಲ್ಲಕ್ಕಿಂತ ನುಣುಪು. ಯಾವ ಪಾಲಿಶ್‌ನಿಂದಲೂ ಅಷ್ಟು ನುಣುಪು ತರುವುದು ಕಷ್ಟ. ಹಾಗಾದರೆ ಅದನ್ನೇ ಯಾಕೆ ಉಳಿಸಿಕೊಳ್ಳಬಾರದು? ಆ ಮೇಲ್ಪದರದಲ್ಲಿ ಗಾಜಿನ ಪುಡಿ ಕಡಿಮೆ, ರೆಸಿನ್ ಜಾಸ್ತಿ. ಬರೀ ರೆಸಿನ್ ಮೆತ್ತಗೆ. ಅಲ್ಲದೆ ಪಟ್ಟಿಯ ಆಕಾರವೇ ಹಲ್ಲಿನ ಆಕಾರ ಆಗುವುದು ಅಪರೂಪ. ಎಲ್ಲೋ ಒಂದು ಕಡೆ ಉಜ್ಜಲೇಬೇಕು. ಉಜ್ಜಿದ ಮೇಲೆ ಪಾಲಿಶ್ ಮಾಡಲೇಬೇಕು.

ನಾಲಿಗೆಗೆ ಒರಟು ಅನ್ನಿಸುತ್ತಿದೆ. ‘ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ’ ಅಂದರು. ನಿಜವಾ?

ಆಕಾರಕ್ಕೆ ಅಭ್ಯಾಸ ಆಗುತ್ತದೆ. ಒರಟಿಗೆ ಅಭ್ಯಾಸ ಮಾಡಿಕೊಳ್ಳಬೇಕಾಗಿಲ್ಲ. ಹಲ್ಲಿನಲ್ಲಿ ಗುಂಡಿ ಇತ್ತು, ಈಗ ತುಂಬಿದೆ, ನಾಲಿಗೆಗೆ ಹೊಸದು. ಅದು ಕೆಲವು ದಿನಗಳಲ್ಲಿ ಮರೆತುಹೋಗುತ್ತದೆ. ಆದರೆ ಗರಗರ ಅನ್ನುವುದು, ಚುಚ್ಚುವ ಅಂಚು, ನಾಲಿಗೆ ಉಜ್ಜಿ ಹುಣ್ಣಾಗುವುದು ಇದ್ದರೆ ಅದು ಮುಗಿಯದ ಕೆಲಸ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ನಾಲಿಗೆ ಅರ್ಧ ಮೈಕ್ರಾನ್‌ನಷ್ಟು ಒರಟನ್ನೂ ಪತ್ತೆ ಹಚ್ಚಬಲ್ಲದು. ಡಾಕ್ಟರ ಕಣ್ಣಿಗೆ ಕಾಣದ್ದು ನಿಮ್ಮ ನಾಲಿಗೆಗೆ ಗೊತ್ತಾಗುವುದು ಭ್ರಮೆ ಅಲ್ಲ. ಸಂಕೋಚ ಬೇಡ, ವಾಪಸ್ ಹೋಗಿ ಹೇಳಿ. ಬಹುತೇಕ ಐದು ನಿಮಿಷದ ಕೆಲಸ, ಇಂಜೆಕ್ಷನ್ ಕೂಡ ಬೇಡ.

ಹಾಗಾದರೆ ಎಷ್ಟು ನುಣುಪಾದರೆ ಸಾಕು?

ದಂತವೈದ್ಯರು ಇಟ್ಟುಕೊಂಡಿರುವ ಗುರುತು 0.2 ಮೈಕ್ರಾನ್ ಸರಾಸರಿ ಒರಟು. ಒರಟು ಅದಕ್ಕಿಂತ ಹೆಚ್ಚಾದಷ್ಟೂ ಬ್ಯಾಕ್ಟೀರಿಯಾ ಕೂರಲು ಜಾಗ ಹೆಚ್ಚು. ಅದಕ್ಕಿಂತ ಕಡಿಮೆ ಮಾಡಿದರೆ ಬ್ಯಾಕ್ಟೀರಿಯಾ ಇನ್ನೂ ಕಡಿಮೆಯೇನೂ ಆಗುವುದಿಲ್ಲ. ಕನ್ನಡಿಯಂಥ ಹೊಳಪು ಬೇಕೇ ಬೇಕು ಅನ್ನುವುದು ಆಮೇಲೆ ಬರುವ ಮಾತು. ದವಡೆ ಹಲ್ಲಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಅಲ್ಲಿ ಒರಟು ಇರಬಾರದು, ಅಂಚಿನಲ್ಲಿ ಮೆಟ್ಟಿಲು ಇರಬಾರದು.

ಡಾಕ್ಟರು ಒಂದಾದ ಮೇಲೊಂದು ಚಕ್ರ, ರಬ್ಬರ್ ಹಾಕುತ್ತಾ ಹೋದರು. ಅಷ್ಟೆಲ್ಲ ಬೇಕಾ?

ಬೇಕು. ಪಾಲಿಶ್ ಕೆಡುವುದೇ ಇಲ್ಲಿ. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರನ್ನು ನೋಡಿದ್ದರೆ ಇದು ಬೇಗ ಅರ್ಥ ಆಗುತ್ತದೆ. ದಪ್ಪ ಮರಳಿನ ಕಾಗದದಿಂದ ಶುರು ಮಾಡಿ ಸಣ್ಣದಕ್ಕೆ ಬರುತ್ತಾರೆ. ನಡುವೆ ಒಂದು ನಂಬರ್ ಬಿಟ್ಟರೆ ಗೀರು ಉಳಿದು, ಮೆರುಗೆಣ್ಣೆ ಹಚ್ಚಿದಾಗ ಎದ್ದು ಕಾಣುತ್ತದೆ. ಹಲ್ಲಿನಲ್ಲೂ ಲೆಕ್ಕ ಅದೇ.

ಮೊದಲು ಸಣ್ಣ ಕಣದ ವಜ್ರದ ಬರ್ ಅಥವಾ ಹಲವು ಅಲಗಿನ ಕಾರ್ಬೈಡ್ (ಗಟ್ಟಿ ಲೋಹದ) ಬರ್. ಬರ್ ಅಂದರೆ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವ, ಉಜ್ಜಿ ತೆಗೆಯುವ ಸಣ್ಣ ತುದಿ. ವಜ್ರದ ಬರ್‌ಗಳ ಕುತ್ತಿಗೆಗೆ ಬಣ್ಣದ ಉಂಗುರ ಇರುತ್ತದೆ. ಕೆಂಪು ಸಣ್ಣ ಕಣ, ಹಳದಿ ಇನ್ನೂ ಸಣ್ಣ, ಬಿಳಿ ಅತಿ ಸಣ್ಣ. ಕಾರ್ಬೈಡ್‌ನಲ್ಲಿ 12 ಅಲಗಿನಿಂದ 30 ಅಲಗಿನವರೆಗೆ ಸಿಗುತ್ತವೆ. ವಜ್ರ ಬೇಗ ತೆಗೆಯುತ್ತದೆ, ಆದರೆ ಗೀರು ಬಿಡುತ್ತದೆ. ಕಾರ್ಬೈಡ್ ನಿಧಾನ, ಮೇಲ್ಮೈ ಚೆನ್ನ. ನಾನು ಅಂಚಿನ ಹತ್ತಿರ ಕಾರ್ಬೈಡ್ ಇಷ್ಟಪಡುತ್ತೇನೆ.

ಆಮೇಲೆ ಅಲ್ಯುಮಿನಿಯಂ ಆಕ್ಸೈಡ್ ಡಿಸ್ಕ್. ಸಾಫ್-ಲೆಕ್ಸ್ ಅನ್ನುವ ಹೆಸರು ಬಹಳ ಕ್ಲಿನಿಕ್‌ಗಳಲ್ಲಿ ಕೇಳಿಸುತ್ತದೆ. ಒರಟು, ಮಧ್ಯಮ, ನಯ, ಅತಿ ನಯ ಎಂದು ನಾಲ್ಕು ದರ್ಜೆ. ಪ್ರತಿ ದರ್ಜೆ ಮುಗಿದ ಮೇಲೆ ನೀರು ಹೊಡೆದು ತೊಳೆಯಬೇಕು. ಇಲ್ಲದಿದ್ದರೆ ಹಿಂದಿನ ದರ್ಜೆಯ ದಪ್ಪ ಕಣ ಅಲ್ಲೇ ಉಳಿದು, ನಯ ಡಿಸ್ಕಿನ ಕೆಳಗೆ ಸಿಕ್ಕಿ, ಮತ್ತೆ ಗೀರು ಹಾಕುತ್ತದೆ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ತೊಳೆಯುವ ಕೆಲಸವೇ.

ಡಿಸ್ಕ್ ಚಪ್ಪಟೆ. ಮುಂದಿನ ಹಲ್ಲಿನ ಮುಖಕ್ಕೆ ಅದು ಸರಿ. ದವಡೆ ಹಲ್ಲಿನ ತಗ್ಗಿಗೆ ಅದು ಇಳಿಯುವುದಿಲ್ಲ. ಅಲ್ಲಿ ವಜ್ರದ ಪುಡಿ ಬೆರೆಸಿದ ರಬ್ಬರ್ ಕಪ್, ಮೊನೆಯ ರಬ್ಬರ್, ಸುರುಳಿ ಚಕ್ರ, ಸಿಲಿಕಾನ್ ಕಾರ್ಬೈಡ್ ಬ್ರಶ್ ಬೇಕು. ಕೊನೆಯಲ್ಲಿ ಬೇಕಿದ್ದರೆ ಪೇಸ್ಟ್. ಅದರ ಕಣ ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ. ಮೆತ್ತನೆ ಬ್ರಶ್ ಇಲ್ಲವೇ ಉಣ್ಣೆ ಚಕ್ರದಿಂದ ಹಗುರವಾಗಿ ತಿರುಗಿಸಿದರೆ ಹೊಳಪು ಬರುತ್ತದೆ.

ಒಂದೇ ಹಂತದಲ್ಲಿ ಮುಗಿಸುವ ರಬ್ಬರ್‌ಗಳೂ ಈಗ ಇವೆ. ಕೆಟ್ಟವು ಅಲ್ಲ. ಆದರೆ ಅವು ನಯ ಗೀರನ್ನು ಮಾತ್ರ ಅಳಿಸುತ್ತವೆ. ಒರಟು ಬರ್ ಹಾಕಿ ನೇರ ಅದಕ್ಕೆ ಹಾರಿದರೆ ಪ್ರಯೋಜನ ಇಲ್ಲ.

ಹಲ್ಲು ಹಲ್ಲಿನ ನಡುವೆ ತುಂಬಿಸಿದ ಮೇಲೆ ಸೊಪ್ಪು, ಮಾಂಸದ ನಾರು ಸಿಕ್ಕಿಕೊಳ್ಳುತ್ತಿದೆ. ಹಲ್ಲಿನ ಸಂದಿಗೆ ಹಾಕುವ ದಾರ (ಫ್ಲಾಸ್) ಹಾಕಿದರೆ ಸಿಗಿಯುತ್ತದೆ.

ದಾರ ಸಿಗಿಯುತ್ತದೆ ಅಂದರೆ ಅಲ್ಲಿ ಒರಟು ಇದೆ, ಇಲ್ಲವೇ ಕಾಂಪೋಸಿಟ್ ಹೊರಗೆ ಚಾಚಿದೆ. ಇದು ನಿರ್ಲಕ್ಷ್ಯ ಮಾಡುವ ವಿಷಯ ಅಲ್ಲ. ಚಾಚಿದ ಅಂಚಿನ ಕೆಳಗೆ ಬ್ರಶ್ ಹೋಗುವುದಿಲ್ಲ. ಕೊಳೆ ಕೂತು ವಸಡು ಊದಿಕೊಳ್ಳುತ್ತದೆ, ರಕ್ತ ಬರುತ್ತದೆ, ಬಾಯಿ ವಾಸನೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅಂಚಿನ ಕೆಳಗೆ ಮತ್ತೆ ಹುಳುಕು ಶುರುವಾಗಬಹುದು.

ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಚಾಚಿದ ಅಂಚು. ತೆಳು ಬರ್‌ನಿಂದ ಅದನ್ನು ತೆಗೆದು, ಆಮೇಲೆ ಫಿನಿಶಿಂಗ್ ಪಟ್ಟಿಯನ್ನು ಹಲ್ಲಿನ ನಡುವೆ ತೂರಿಸಿ ಉಜ್ಜುತ್ತಾರೆ. ಈ ಪಟ್ಟಿಯ ನಡುಭಾಗದಲ್ಲಿ ಮರಳು ಇರುವುದಿಲ್ಲ. ಹಲ್ಲುಗಳು ಒಂದಕ್ಕೊಂದು ತಾಗುವ ಜಾಗ ದಾಟಿಸಲು ಆ ಭಾಗ. ಮರಳಿನ ಭಾಗವನ್ನೇ ಅಲ್ಲಿ ಎಳೆದರೆ ತಾಗುವ ಜಾಗ ಸವೆದು ಸಂದಿ ಆಗುತ್ತದೆ. ಆಗ ಎರಡನೆಯ ಸ್ಥಿತಿ ಬರುತ್ತದೆ: ಹಲ್ಲುಗಳ ನಡುವೆ ಬಿಗಿ ಇಲ್ಲ, ಊಟ ನೇರ ಒಳಗೆ ನುಗ್ಗುತ್ತದೆ. ಅದಕ್ಕೆ ಪಾಲಿಶ್ ಮದ್ದಲ್ಲ. ಆ ಭಾಗವನ್ನು ತೆಗೆದು ಹೊಸದಾಗಿ ಕಟ್ಟಬೇಕು.

ಮನೆಯಲ್ಲೇ ತಿಳಿಯುವ ಬಗೆ ಹೀಗೆ. ದಾರ ‘ಟಕ್’ ಅಂತ ಬಿಗಿಯಾಗಿ ಇಳಿದು, ಕೆಳಗೆ ಹೋದ ಮೇಲೆ ಸಿಗಿದರೆ ಅಂಚಿನ ದೋಷ. ದಾರ ತಡೆಯಿಲ್ಲದೆ ಸಲೀಸಾಗಿ ಇಳಿದರೆ ಸಂದಿಯ ದೋಷ. ಇಷ್ಟು ನೋಡಿಕೊಂಡು ಹೇಳಿದರೆ ಡಾಕ್ಟರ ಅರ್ಧ ಕೆಲಸ ಹಗುರ. ಖಚಿತ ಮಾಡಿಕೊಳ್ಳಲು ಒಂದು ಸಣ್ಣ ಎಕ್ಸ್-ರೇ ತೆಗೆಯಬಹುದು.

ಪಾಲಿಶ್ ಮಾಡುವಾಗ ನೋವಾಗುತ್ತಾ? ಬಿಸಿ ಬಿಸಿ ಅನ್ನಿಸಿತು.

ನೋವಾಗಬಾರದು. ಬಿಸಿ ಅನ್ನಿಸಿದರೆ ತಕ್ಷಣ ಕೈ ಎತ್ತಿ. ರಬ್ಬರ್, ಡಿಸ್ಕ್ ತಿರುಗುವಾಗ ಉಜ್ಜಿಕೊಂಡು ಶಾಖ ಹುಟ್ಟುತ್ತದೆ. ಹಲ್ಲಿನ ಒಳಗಿನ ನರಕ್ಕೆ ಅದು ಒಳ್ಳೆಯದಲ್ಲ. 1965ರಲ್ಲಿ ಜ್ಯಾಕ್ ಮತ್ತು ಕೊಹೆನ್ ಅನ್ನುವ ಸಂಶೋಧಕರು ಮಂಗಗಳ ಹಲ್ಲಿನ ಮೇಲೆ ಮಾಡಿದ ಪ್ರಯೋಗದಲ್ಲಿ ಒಳಗಿನ ಶಾಖ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಶೇ. 15ರಷ್ಟು ಹಲ್ಲುಗಳ ನರ ಚೇತರಿಸಿಕೊಳ್ಳಲಿಲ್ಲ. ಆ ಅಂಕಿಯನ್ನೇ ಇವತ್ತಿಗೂ ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿದ್ದೇವೆ. ಅದಕ್ಕೇ ಒತ್ತದೆ, ತಾಗಿಸಿ ಬಿಟ್ಟು, ತಾಗಿಸಿ ಬಿಟ್ಟು ಮಾಡಬೇಕು. ಬೇಕಾದ ಕಡೆ ನೀರು ಬಿಡಬೇಕು. ಗಟ್ಟಿಯಾಗಿ ಒತ್ತಿದರೆ ಹೊಳಪು ಜಾಸ್ತಿ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ವಸಡಿನ ಅಂಚಿನಲ್ಲಿ ಸ್ವಲ್ಪ ರಕ್ತ ಬರಬಹುದು. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಸಾಕು.

ಕಚ್ಚಿದಾಗ ಅದೊಂದೇ ಹಲ್ಲು ಮೊದಲು ತಾಗುತ್ತದೆ. ತಾನೇ ಸವೆದು ಸರಿ ಹೋಗುತ್ತಾ?

ಕಾಯಬೇಡಿ. ಮರಗಟ್ಟಿದ ಬಾಯಲ್ಲಿ ಬಣ್ಣದ ಕಾಗದ ಕಚ್ಚಿಸಿ ನೋಡಿದಾಗ ಸರಿ ಅನ್ನಿಸಿ, ಮನೆಗೆ ಹೋದ ಮೇಲೆ ಎತ್ತರ ಗೊತ್ತಾಗುವುದು ಸಾಮಾನ್ಯ. ಎತ್ತರ ಇದ್ದರೆ ಅಗಿದಾಗ ನೋವು, ತಣ್ಣೀರಿಗೆ ಜುಮ್ ಅನ್ನುವುದು ಬರುತ್ತದೆ. ಕೆಲವೊಮ್ಮೆ ಕಾಂಪೋಸಿಟ್ಟೇ ಒಡೆಯುತ್ತದೆ. ಎತ್ತರ ತೆಗೆದ ಜಾಗವನ್ನು ಮತ್ತೆ ಪಾಲಿಶ್ ಮಾಡಿಸಿಕೊಳ್ಳಿ. ಅದನ್ನು ಮರೆತು ಎದ್ದು ಬರುವವರೇ ಜಾಸ್ತಿ.

ನಮ್ಮ ತಂದೆಗೆ ಬೆಳ್ಳಿ ತುಂಬಿಸಿದಾಗ ‘ನಾಳೆ ಬನ್ನಿ, ಪಾಲಿಶ್ ಮಾಡ್ತೀವಿ’ ಅಂದಿದ್ದರು. ನನಗೆ ಅವತ್ತೇ ಮಾಡಿದರು. ಯಾಕೆ?

ಬೆಳ್ಳಿ ಅನ್ನುವುದು ಅಮಾಲ್ಗಮ್. ಪಾದರಸ ಬೆರೆತ ಲೋಹ. ಅದು ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು. ಕಾಂಪೋಸಿಟ್ ಲೈಟ್ ತಾಗಿದ ಕೂಡಲೇ ಕೆಲಸಕ್ಕೆ ಬೇಕಾದಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಅವತ್ತೇ ಪಾಲಿಶ್, ಮರಗಟ್ಟಿದ್ದು ಇಳಿದ ಮೇಲೆ ಅವತ್ತೇ ಊಟ. ಆದರೆ ಒಳಗೆ ಗಟ್ಟಿಯಾಗುವ ಕ್ರಿಯೆ ಸುಮಾರು ಒಂದು ದಿನ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಮುಂದಿನ ಹಲ್ಲಿನ ಅಂದದ ಕೆಲಸದಲ್ಲಿ ನಾನು ಅವತ್ತು ಆಕಾರ, ಅಂಚು, ಸಾಧಾರಣ ಪಾಲಿಶ್ ಮುಗಿಸಿ, ಕೊನೆಯ ಹೊಳಪಿಗೆ ಇನ್ನೊಂದು ದಿನ ಕರೆಯುತ್ತೇನೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಬಾಯಿ ತೆರೆದು ಕೂತಾಗ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಬಣ್ಣ ಹೊಂದಿದೆಯೋ ಇಲ್ಲವೋ ಗೊತ್ತಾಗುವುದು ಹಲ್ಲು ಮತ್ತೆ ನೆನೆದ ಮೇಲೆ.

ಬಿಳಿ ಇರುವುದೆಲ್ಲ ಕಾಂಪೋಸಿಟ್ ಅಲ್ಲ ಅನ್ನುವುದೂ ನೆನಪಿರಲಿ. ವಸಡಿನ ಹತ್ತಿರ ಸವೆದ ಹಲ್ಲಿಗೆ, ಮಕ್ಕಳ ಹಲ್ಲಿಗೆ ಗ್ಲಾಸ್ ಅಯೊನೋಮರ್ ಅನ್ನುವ ಬೇರೆ ಥರದ ಸಿಮೆಂಟ್ ಹಾಕುವುದುಂಟು. ಅದು ಶುರುವಿನಲ್ಲಿ ನೀರಿಗೂ ಆಗದು, ಒಣಗಿದರೂ ಆಗದು. ಮಾಮೂಲಿ ಗ್ಲಾಸ್ ಅಯೊನೋಮರ್ ಆದರೆ ಮೇಲೆ ವಾರ್ನಿಶ್ ಹಚ್ಚಿ ಬಿಟ್ಟು, ಒಂದು ದಿನ ಕಳೆದ ಮೇಲೆ ಪಾಲಿಶ್ ಮಾಡುವುದು ಒಳ್ಳೆಯದು. ಕಾಂಪೋಸಿಟ್‌ನಷ್ಟು ಹೊಳಪು ಅದರಿಂದ ನಿರೀಕ್ಷಿಸಬೇಡಿ.

ಫಿಲ್ಟರ್ ಕಾಫಿ ಬಿಡಲು ಆಗುವುದಿಲ್ಲ. ಎಲೆ ಅಡಿಕೆಯೂ ಇದೆ. ಕಲೆ ಹಿಡಿಯುತ್ತಾ?

ಹಿಡಿಯುತ್ತದೆ. ಮೈಸೂರಿನಲ್ಲಿದ್ದುಕೊಂಡು ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಕುಡಿದ ಮೇಲೆ ಒಂದು ಗುಟುಕು ನೀರು ಮುಕ್ಕಳಿಸಿ. ಹಾಕಿಸಿಕೊಂಡ ಮೊದಲ ಒಂದೆರಡು ದಿನ ಕಾಫಿ, ಟೀ, ಅರಿಶಿನ ಜಾಸ್ತಿ ಇರುವ ಸಾರು ಕಡಿಮೆ ಮಾಡಿ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೆಮ್ಮೆಯೇ. ಆದರೆ ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಜೊತೆ ಅಗಿದರೆ ಯಾವ ಪಾಲಿಶ್ಶೂ ಉಳಿಯುವುದಿಲ್ಲ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುವ ಅಪಾಯದ ಮುಂದೆ ಕಲೆಯ ಮಾತು ಸಣ್ಣದು.

ಕಲೆಯಲ್ಲಿ ಮೂರು ಥರ. ಮೇಲ್ಮೈಗೆ ಹಿಡಿದದ್ದು ಪಾಲಿಶ್‌ಗೆ ಹೋಗುತ್ತದೆ. ಅಂಚಿನ ಸುತ್ತ ಕಂದು ಗೆರೆ ಬಂದಿದ್ದರೆ ಪಾಲಿಶ್ ಮಾಡಿ ನೋಡಬೇಕು. ಹೋದರೆ ಸರಿ. ಹೋಗದಿದ್ದರೆ ಅಂಚು ಬಿಟ್ಟುಕೊಂಡಿರಬಹುದು. ಪೂರ್ತಿ ಕಾಂಪೋಸಿಟ್ಟೇ ಹಳದಿ ತಿರುಗಿದ್ದರೆ ಅದು ವಸ್ತುವಿನ ಒಳಗಿನ ಬದಲಾವಣೆ. ಎಷ್ಟು ಉಜ್ಜಿದರೂ ಬೆಳ್ಳಗಾಗದು. ಕಂದು ಗೆರೆ ಕಂಡ ಕೂಡಲೇ ‘ಪೂರ್ತಿ ತೆಗೆದು ಹೊಸದು ಹಾಕಬೇಕು’ ಅಂದರೆ ಮೊದಲು ಪಾಲಿಶ್ ಮಾಡಿ ನೋಡಬಹುದೇ ಎಂದು ಕೇಳಿ. ತೆಗೆದು ಹಾಕುವ ಪ್ರತಿ ಸಲವೂ ಒಳ್ಳೆಯ ಹಲ್ಲು ಒಂದಿಷ್ಟು ಹೋಗುತ್ತದೆ.

ಅಂಚಿನ ಸುತ್ತ ಬಿಳಿ ಗೆರೆ ಕಾಣುತ್ತಿದೆ, ಕಂದು ಅಲ್ಲ.

ಕಾಂಪೋಸಿಟ್ ಗಟ್ಟಿಯಾಗುವಾಗ ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಅಂಚಿನ ಎನಾಮಲ್‌ನಲ್ಲಿ (ಹಲ್ಲಿನ ಗಟ್ಟಿ ಹೊರಪದರದಲ್ಲಿ) ಸೂಕ್ಷ್ಮ ಬಿರುಕು ಬಂದು ಬಿಳಿ ಗೆರೆ ಕಾಣಬಹುದು. ಒರಟು ಬರ್ ಒತ್ತಿ ಹಿಡಿದರೂ ಹೀಗೇ ಆಗುತ್ತದೆ. ಹಗುರವಾಗಿ ಪಾಲಿಶ್ ಮಾಡಿ, ಮೇಲೆ ತೆಳು ರೆಸಿನ್ ಹಚ್ಚಿ ಲೈಟ್ ಹಿಡಿದರೆ ಹಲವು ಸಲ ಮಾಯವಾಗುತ್ತದೆ.

ಒಂದು ಕಾಂಪೋಸಿಟ್ ಹೊಳಪು ಉಳಿಸಿಕೊಳ್ಳುತ್ತದೆ, ಇನ್ನೊಂದು ವರ್ಷದಲ್ಲಿ ಮಂಕಾಗುತ್ತದೆ. ಯಾಕೆ?

ಒಳಗಿನ ಪುಡಿಯ ಗಾತ್ರ. ಅಮೆರಿಕದ ದಂತ ಸಂಶೋಧಕ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರೆಸಿನ್ ಇವತ್ತಿನ ಬಹಳಷ್ಟು ಕಾಂಪೋಸಿಟ್‌ಗಳ ಬುನಾದಿ. ಹಳೆಯ ಕಾಲದವುಗಳಲ್ಲಿ ಗಾಜಿನ ಕಣ ಹತ್ತಾರು ಮೈಕ್ರಾನ್ ದಪ್ಪ ಇತ್ತು. ಸುತ್ತಲ ಮೆತ್ತನೆ ರೆಸಿನ್ ಸವೆದು ಕಣ ಮೇಲೆದ್ದು ನಿಲ್ಲುತ್ತಿತ್ತು, ಆಮೇಲೆ ಉದುರಿ ಗುಂಡಿ ಬೀಳುತ್ತಿತ್ತು. ಎಷ್ಟು ಪಾಲಿಶ್ ಮಾಡಿದರೂ ಮತ್ತೆ ಒರಟು. ಆಮೇಲೆ 0.04 ಮೈಕ್ರಾನ್ ಕಣದ ಮೈಕ್ರೋಫಿಲ್ ಬಂತು. ಹೊಳಪು ಅದ್ಭುತ, ಆದರೆ ಅಗಿಯುವ ಒತ್ತಡಕ್ಕೆ ಶಕ್ತಿ ಕಡಿಮೆ. ಈಗಿನ ನ್ಯಾನೋಫಿಲ್, ನ್ಯಾನೋಹೈಬ್ರಿಡ್‌ಗಳು ಎರಡನ್ನೂ ಹೊಂದಿಸಲು ನೋಡುತ್ತವೆ. ಮುಂದಿನ ಹಲ್ಲಿಗೆ ಯಾವುದು ಹಾಕುತ್ತೀರಿ ಎಂದು ಕೇಳುವುದು ತಪ್ಪಲ್ಲ.

ಮುಂದಿನ ಹಲ್ಲು ಗಾಜಿನಂತೆ ಹೊಳೆಯುತ್ತಿದೆ, ಆದರೂ ಸಹಜವಾಗಿಲ್ಲ.

ಹರೆಯದವರ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ, ಉದ್ದಕ್ಕೆ ಸಣ್ಣ ಏರಿಳಿತ ಇರುತ್ತದೆ. ಅದನ್ನೆಲ್ಲ ಅಳಿಸಿ ಚಪ್ಪಟೆ ಮಾಡಿದರೆ ಹಲ್ಲು ಪ್ಲಾಸ್ಟಿಕ್ ಥರ ಕಾಣುತ್ತದೆ. ಮೊದಲು ಆ ಏರಿಳಿತ ಕೆತ್ತಿ, ಆಮೇಲೆ ಅದು ಅಳಿಯದ ಹಾಗೆ ಹೊಳಪು ತರಬೇಕು. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರಿನಿಂದ ಕಂದಾದ ಹಲ್ಲಿಗೆ ಪೂರ್ತಿ ಕಾಂಪೋಸಿಟ್ ಹೊದಿಸುವಾಗ ಇದು ಇನ್ನೂ ಮುಖ್ಯ. ಮುಖವೆಲ್ಲ ಕಾಂಪೋಸಿಟ್ಟೇ ಆಗಿರುತ್ತದಲ್ಲ.

ಮನೆಯಲ್ಲಿ ಏನು ಜಾಗ್ರತೆ? ಇದ್ದಿಲು ಪುಡಿಯಿಂದ ಉಜ್ಜಬಹುದಾ?

ಬೇಡ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಉಪ್ಪು, ಒರಟು ಹಲ್ಲುಪುಡಿ ಎಲ್ಲವೂ ಪಾಲಿಶ್ ಕೆಡಿಸುತ್ತವೆ. ‘ಚಾರ್ಕೋಲ್’ ಹೆಸರಲ್ಲಿ ಬರುವ ಪೇಸ್ಟ್ ಕೂಡ ಅಷ್ಟಕ್ಕಷ್ಟೇ. ಬಿಳುಪು ಮಾಡುವ ಬ್ಲೀಚಿಂಗ್‌ನಿಂದ ಕಾಂಪೋಸಿಟ್‌ನ ಬಣ್ಣ ಬದಲಾಗುವುದಿಲ್ಲ. ಸುತ್ತಲ ಹಲ್ಲು ಬೆಳ್ಳಗಾಗಿ ಇದು ಮಾತ್ರ ಹಳೆ ಬಣ್ಣದಲ್ಲಿ ಉಳಿಯುತ್ತದೆ. ಮೆತ್ತನೆ ಬ್ರಶ್, ಸಾಧಾರಣ ಫ್ಲೋರೈಡ್ ಪೇಸ್ಟ್ ಸಾಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ದಿನಾ ಬಳಸಿದರೆ ರೆಸಿನ್ ಮೆತ್ತಗಾಗಬಹುದು. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಕಂದು ಕಲೆ ಬಿಡುತ್ತದೆ. ಕ್ಲಿನಿಕ್‌ನಲ್ಲಿ ಫ್ಲೋರೈಡ್ ಜೆಲ್ ಹಚ್ಚುವಾಗ ಕಾಂಪೋಸಿಟ್ ಇದೆ ಎಂದು ತಿಳಿಸಿ. ಆಮ್ಲೀಯ ಜೆಲ್ ಗಾಜಿನ ಕಣವನ್ನು ಕೊರೆಯುತ್ತದೆ, ಬೇರೆ ಥರದ್ದು ಸಿಗುತ್ತದೆ.

ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿನ್ನುವುದು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ಹಲ್ಲಿನ ತುದಿ ಕಾಂಪೋಸಿಟ್‌ನಲ್ಲಿ ಕಟ್ಟಿಸಿದ್ದರೆ ಕತ್ತರಿಸಿ ತುಂಡು ಮಾಡಿ, ಹಿಂದಿನ ಹಲ್ಲಲ್ಲಿ ಅಗಿಯಿರಿ. ಉಗುರು ಕಡಿಯುವುದು, ಪಿನ್ ಕಚ್ಚುವುದೂ ಬೇಡ. ಒರಟು ತಾಗುತ್ತದೆಂದು ನೇಲ್ ಫೈಲ್‌ನಿಂದ ನೀವೇ ಉಜ್ಜಿಕೊಳ್ಳಬೇಡಿ. ಹಾಗೆ ಮಾಡಿಕೊಂಡು ಬಂದವರಿದ್ದಾರೆ.

ಮತ್ತೆ ಮತ್ತೆ ಪಾಲಿಶ್ ಮಾಡಿಸಬೇಕಾ?

ಇಂತಿಷ್ಟು ತಿಂಗಳಿಗೆ ಎಂದು ಲೆಕ್ಕ ಇಲ್ಲ. ಮಂಕಾದರೆ, ಕಲೆ ಹಿಡಿದರೆ, ದಾರ ಸಿಗಿದರೆ ಮಾಡಿಸಿ. ಒಂದು ಸಂದರ್ಭ ಮಾತ್ರ ಗಮನದಲ್ಲಿರಲಿ. ಹಲ್ಲು ಕ್ಲೀನಿಂಗ್ ಮಾಡುವ ಅಲ್ಟ್ರಾಸಾನಿಕ್ ಯಂತ್ರದ ತುದಿ ಕಾಂಪೋಸಿಟ್ ಮೇಲೆ ಓಡಿದರೆ ಗೀರು ಬೀಳುತ್ತದೆ. ಯಾವ ಹಲ್ಲಿಗೆ ಕಾಂಪೋಸಿಟ್ ಇದೆ ಎಂದು ಮೊದಲೇ ತೋರಿಸಿ. ಕ್ಲೀನಿಂಗ್ ಮುಗಿದ ಮೇಲೆ ಅಲ್ಲಿ ರಬ್ಬರ್ ಕಪ್ ಆಡಿಸಲು ಕೇಳಿ.

ಪಾಲಿಶ್‌ಗೆ ಬೇರೆ ದುಡ್ಡು ಕೊಡಬೇಕಾ? ಕಡಿಮೆ ಖರ್ಚಿನಲ್ಲಿ ಎಲ್ಲಿ ಆಗುತ್ತದೆ?

ತುಂಬುವ ಕೆಲಸದಲ್ಲೇ ಪಾಲಿಶ್ ಸೇರಿರಬೇಕು. ಅದೇ ಕ್ಲಿನಿಕ್‌ನಲ್ಲಿ ಕೆಲವು ದಿನದೊಳಗೆ ಒರಟು ತೆಗೆಸಲು ಹೋದರೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಬೇರೆಯವರು ಹಾಕಿದ ಹಳೆಯ ಕಾಂಪೋಸಿಟ್ ಆದರೆ ಶುಲ್ಕ ಇರುತ್ತದೆ, ಅದು ನ್ಯಾಯವೇ. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ವೈದ್ಯಕೀಯ ಕಾಲೇಜುಗಳಿವೆ. ಹಲ್ಲು ತುಂಬುವುದು, ರೂಟ್ ಕೆನಾಲ್ ನೋಡುವ ವಿಭಾಗ ಎಲ್ಲಿದೆ ಎಂದು ಕೇಳಿ ಹೋಗಿ. ಅಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಗಾವಲಿನಲ್ಲಿ ಮಾಡುತ್ತಾರೆ, ಹಾಗಾಗಿ ಹೊತ್ತು ಜಾಸ್ತಿ ಹಿಡಿಯುತ್ತದೆ. ಪಾಲಿಶ್ ಮಟ್ಟಿಗೆ ಅದು ಒಳ್ಳೆಯದೇ, ಹಂತ ಬಿಟ್ಟರೆ ಮೇಷ್ಟ್ರು ವಾಪಸ್ ಕಳಿಸುತ್ತಾರೆ. ಮಂಡ್ಯ ಕಡೆಯಿಂದ ಬರುವವರು ಬೆಳಿಗ್ಗೆಯೇ ಬನ್ನಿ, ಹಳೆಯ ಎಕ್ಸ್-ರೇ ಇದ್ದರೆ ತನ್ನಿ, ಯಾವ ಜಾಗ ನಾಲಿಗೆಗೆ ತಾಗುತ್ತದೆ ಎಂದು ಕನ್ನಡಿಯಲ್ಲಿ ನೋಡಿಕೊಂಡು ಬನ್ನಿ.